ಅಂಡರ್‌ಸ್ಟಾಟ್: ಸ್ಕೋರ್ ಹೇಳದ್ದನ್ನು ತೋರಿಸುವ ಫುಟ್‌ಬಾಲ್ ವೆಬ್‌ಸೈಟ್

ನಾಲ್ಕೈದು ವರ್ಷದಿಂದ ವಾರಕ್ಕೆ ಎರಡು ಮೂರು ಸಲವಾದರೂ ನಾನು ತೆರೆದು ನೋಡುವ ಒಂದು ವೆಬ್‌ಸೈಟ್ ಇದೆ. ಹೆಸರು ಅಂಡರ್‌ಸ್ಟಾಟ್. ಫುಟ್‌ಬಾಲ್ ಅಂಕಿಅಂಶಗಳ ಸೈಟ್. ದುಡ್ಡು ಕೊಡಬೇಕಿಲ್ಲ, ಲಾಗಿನ್ ಆಗಬೇಕಿಲ್ಲ, ತೆರೆದರೆ ನೇರವಾಗಿ ಲೀಗ್‌ಗಳ ಹೆಸರು ಕಾಣುತ್ತದೆ. ಗೆಳೆಯರಿಗೆ ಬಾಯಿಮಾತಲ್ಲಿ ಇದರ ಬಗ್ಗೆ ಹೇಳುತ್ತಲೇ ಬಂದಿದ್ದೇನೆ. ಈ ಸಲ ಬರೆದೇ ಬಿಡೋಣ ಅನ್ನಿಸಿತು. ಯಾಕಂದ್ರೆ ಹೋದ ತಿಂಗಳು ನಾನು ಕೋಚ್ ಮಾಡುವ ಹುಡುಗರ ತಂಡ ಒಂದು ಮ್ಯಾಚ್ ಸೋತಾಗ, ಈ ಸೈಟ್‌ನಿಂದ ಕಲಿತದ್ದು ನನಗೆ ತುಂಬಾ ಕೆಲಸಕ್ಕೆ ಬಂತು. ಆ ಕಥೆ ಮುಂದೆ ಹೇಳುತ್ತೇನೆ.

ನಾನು ಬೆಂಗಳೂರಿನವನು. ವಾರವೆಲ್ಲ ಆಫೀಸು, ಶನಿವಾರ ಭಾನುವಾರ ಬೆಳಗ್ಗೆ ನಮ್ಮ ಏರಿಯಾದ ಮೈದಾನದಲ್ಲಿ ಹದಿಮೂರರ ಒಳಗಿನ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ, ರಾತ್ರಿ ಟಿವಿ ಮುಂದೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್. ಬೆಂಗಳೂರು ಎಫ್‌ಸಿ ಮ್ಯಾಚ್ ಇದ್ದರೆ ಕಂಠೀರವ. ಇಷ್ಟು ವರ್ಷ ನೋಡಿದ ಮೇಲೂ ನನಗೆ ಒಂದು ಪ್ರಶ್ನೆ ಬಗೆಹರಿದಿರಲಿಲ್ಲ. ಈ ಆಟದಲ್ಲಿ ಎಷ್ಟು ಪಾಲು ಆಟಗಾರರ ಕೈಯಲ್ಲಿದೆ, ಎಷ್ಟು ಪಾಲು ಅದೃಷ್ಟದ ಕೈಯಲ್ಲಿದೆ?

ಈ ಸೈಟ್ ನನ್ನ ಕಣ್ಣಿಗೆ ಬಿದ್ದದ್ದು ಒಂದು ಮ್ಯಾಚ್‌ನಿಂದ. 2021ರ ಫೆಬ್ರವರಿ 27, ಶನಿವಾರ. ಪ್ರೀಮಿಯರ್ ಲೀಗ್‌ನ ಎರಡು ತಂಡ, ವೆಸ್ಟ್ ಬ್ರಾಮ್ ಮತ್ತು ಬ್ರೈಟನ್. ವೆಸ್ಟ್ ಬ್ರಾಮ್‌ನ ಕೈಲ್ ಬಾರ್ಟ್ಲಿ ಶುರುವಿನಲ್ಲೇ ತಲೆಯಿಂದ ಒಂದು ಗೋಲ್ ಹೊಡೆದ. ಆಮೇಲೆ ಬ್ರೈಟನ್‌ಗೆ ಪೆನಾಲ್ಟಿ ಸಿಕ್ಕಿತು, ಪಾಸ್ಕಲ್ ಗ್ರಾಸ್ ಹೊಡೆದ ಚೆಂಡು ಮೇಲಿನ ಬಾರ್‌ಗೆ ಬಡಿಯಿತು. ಎರಡನೇ ಪೆನಾಲ್ಟಿ ಸಿಕ್ಕಿತು, ಡ್ಯಾನಿ ವೆಲ್ಬೆಕ್ ಹೊಡೆದದ್ದು ಕಂಬಕ್ಕೆ ಬಡಿಯಿತು. ಇವೆರಡರ ನಡುವೆ ಲೂಯಿಸ್ ಡಂಕ್ ಫ್ರೀಕಿಕ್ ಬೇಗ ಹೊಡೆದು ಚೆಂಡನ್ನು ಬಲೆಗೆ ಹಾಕಿದ್ದ, ಆದರೆ ಚೆಂಡು ಗೆರೆ ದಾಟುವ ಮೊದಲೇ ರೆಫರಿ ಎರಡನೇ ಸಲ ಸೀಟಿ ಊದಿದ್ದರು ಅಂತ ಆ ಗೋಲೂ ಹೋಯಿತು. 1-0. ಬ್ರೈಟನ್ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅವತ್ತು ಮೂರು ಸಲ ಹಾಗಾಯಿತು. ಮಾರನೇ ದಿನ ಯಾರೋ ಒಬ್ಬರು ಈ ಮ್ಯಾಚ್‌ನ ಅಂಡರ್‌ಸ್ಟಾಟ್ ಪುಟ ಕಳಿಸಿದರು. ನೋಡಿದೆ. ಅಲ್ಲಿಂದ ಬಿಟ್ಟಿಲ್ಲ.

ಏನು ತೋರಿಸುತ್ತದೆ ಅಂದರೆ, ಮುಖ್ಯವಾಗಿ ಎಕ್ಸ್‌ಜಿ. ಬಿಡಿಸಿ ಹೇಳಿದರೆ ಎಕ್ಸ್‌ಪೆಕ್ಟೆಡ್ ಗೋಲ್ಸ್. ಹೊಸಬರಿಗೆ ಹೇಳುವುದಾದರೆ ವಿಷಯ ಸುಲಭ. ಪ್ರತಿಯೊಂದು ಶಾಟ್‌ಗೂ ಸೊನ್ನೆಯಿಂದ ಒಂದರ ಒಳಗೆ ಒಂದು ಬೆಲೆ. ಎಲ್ಲಿಂದ ಹೊಡೆದ, ಯಾವ ಕೋನದಿಂದ, ಕಾಲಿಂದಲೋ ತಲೆಯಿಂದಲೋ, ಚೆಂಡು ಬಂದದ್ದು ಕ್ರಾಸ್‌ನಿಂದಲೋ ಮುಂದಕ್ಕೆ ಕೊಟ್ಟ ಪಾಸ್‌ನಿಂದಲೋ, ಇದನ್ನೆಲ್ಲ ಹಿಂದಿನ ಲಕ್ಷಗಟ್ಟಲೆ ಶಾಟ್‌ಗಳ ಜತೆ ಹೋಲಿಸಿ, ಇಂಥ ಶಾಟ್ ಹತ್ತರಲ್ಲಿ ಎಷ್ಟು ಸಲ ಗೋಲ್ ಆಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಪೆನಾಲ್ಟಿಗೆ ಇಲ್ಲಿ 0.76. ಅಂದರೆ ನೂರು ಪೆನಾಲ್ಟಿಯಲ್ಲಿ ಸುಮಾರು 76 ಗೋಲ್. ಗೋಲ್ ಮುಂದಿನ ಪೆನಾಲ್ಟಿ ಬಾಕ್ಸ್‌ನಿಂದ ತುಂಬಾ ಆಚೆ ನಿಂತು ಹೊಡೆದರೆ 0.03, 0.04, ಹೀಗೆ. ಒಂದು ತಂಡದ ಎಲ್ಲ ಶಾಟ್‌ಗಳ ಬೆಲೆ ಕೂಡಿದರೆ ಆ ಮ್ಯಾಚ್‌ನ ಎಕ್ಸ್‌ಜಿ.

ಈಗ ಆ ಬ್ರೈಟನ್ ಮ್ಯಾಚ್‌ಗೆ ವಾಪಸ್ ಬನ್ನಿ. ಎರಡೂ ಪೆನಾಲ್ಟಿ ತಪ್ಪುವ ಸಾಧ್ಯತೆ ಎಷ್ಟು? 0.24 ಗುಣಿಸು 0.24. ನೂರಕ್ಕೆ ಆರೂ ಇಲ್ಲ. ಸ್ಕೋರ್ ನೋಡಿದವರಿಗೆ ಅದು ಸುಮ್ನೆ 1-0.

ಸೈಟ್‌ನ ಒಳಗೆ ಏನೇನಿದೆ ಅಂತ ಸ್ವಲ್ಪ ಹೇಳುತ್ತೇನೆ. ಆರು ಲೀಗ್ ಇವೆ. ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್, ರಷ್ಯಾ. 2014-15ರ ಸೀಸನ್‌ನಿಂದ ಇಲ್ಲಿಯವರೆಗೆ. ಲೀಗ್ ಪುಟದಲ್ಲಿ ನಮಗೆ ಗೊತ್ತಿರುವ ಪಾಯಿಂಟ್ಸ್ ಟೇಬಲ್ ಇರುತ್ತದೆ, ಅದರ ಪಕ್ಕದಲ್ಲೇ ಹೊಡೆಯಬೇಕಿದ್ದ ಗೋಲು, ಬಿಟ್ಟುಕೊಡಬೇಕಿದ್ದ ಗೋಲು, ಬರಬೇಕಿದ್ದ ಪಾಯಿಂಟ್ ಅಂತ ಇನ್ನೂ ಮೂರು ಕಾಲಂ. ನಿಜವಾದ ಸಂಖ್ಯೆಗೂ ಇದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ, ಹಸಿರು ಕೆಂಪು ಬಣ್ಣದಲ್ಲಿ. ಮನೆ ಮೈದಾನದ ಮ್ಯಾಚ್ ಮಾತ್ರ ನೋಡಬೇಕಾ, ಹೊರಗಿನದು ಮಾತ್ರ ಬೇಕಾ, ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಬೇಕಾ, ಎಲ್ಲ ಆಗುತ್ತದೆ. ನನಗೆ ಈ ತಾರೀಖಿನ ಫಿಲ್ಟರ್ ಎಲ್ಲಕ್ಕಿಂತ ಇಷ್ಟ.

ಮ್ಯಾಚ್ ಪುಟದಲ್ಲಿ ಮೈದಾನದ ಚಿತ್ರ. ಪ್ರತಿ ಶಾಟ್ ಒಂದು ಚುಕ್ಕೆ. ದೊಡ್ಡ ಚಾನ್ಸ್ ಆದರೆ ದೊಡ್ಡ ಚುಕ್ಕೆ. ಚುಕ್ಕೆ ಮೇಲೆ ಹೋದರೆ ಯಾರು, ಯಾವ ನಿಮಿಷ, ಬೆಲೆ ಎಷ್ಟು, ಎಲ್ಲ ಬರುತ್ತದೆ. ತಂಡದ ಪುಟದಲ್ಲಿ ಇನ್ನೂ ಆಳಕ್ಕೆ ಹೋಗಬಹುದು: ಕಾರ್ನರ್‌ನಿಂದ ಎಷ್ಟು, ಫ್ರೀಕಿಕ್‌ನಿಂದ ಎಷ್ಟು, ಒಂದು ಗೋಲ್ ಮುಂದಿದ್ದಾಗ ಹೇಗೆ ಆಡುತ್ತಾರೆ, ಹಿಂದಿದ್ದಾಗ ಹೇಗೆ. ಇದೆಲ್ಲ ಪುಕ್ಕಟೆ ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಸರಿ, ಅಸಲಿ ವಿಷಯಕ್ಕೆ ಬರೋಣ. ಫುಟ್‌ಬಾಲ್‌ನಲ್ಲಿ ಅದೃಷ್ಟಕ್ಕೆ ಇಷ್ಟು ಜಾಗ ಯಾಕೆ?

ಗೋಲ್ ಕಡಿಮೆ, ಅದಕ್ಕೆ. ಇಪ್ಪತ್ತು ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚು ಗೋಲ್ ಬಂದದ್ದು 2023-24ರಲ್ಲಿ, 380 ಮ್ಯಾಚ್‌ಗೆ 1246 ಗೋಲ್. ಆ ದಾಖಲೆಯ ವರ್ಷದಲ್ಲೂ ಮ್ಯಾಚ್‌ಗೆ ಮೂರು ಚಿಲ್ಲರೆ ಅಷ್ಟೇ. ಕ್ರಿಕೆಟ್‌ನಲ್ಲಿ ಒಂದು ರನ್ ಅಂಪೈರ್ ತಪ್ಪಿನಿಂದ ಬಂದರೆ ಮುನ್ನೂರು ರನ್‌ನ ನಡುವೆ ಅದು ಕರಗಿ ಹೋಗುತ್ತದೆ. ಕಬಡ್ಡಿಯಲ್ಲಿ ಒಂದು ಪಾಯಿಂಟ್ ಹೋದರೆ ಇನ್ನೊಂದು ರೈಡ್ ಇದೆ. ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಮೊಣಕಾಲಿಗೆ ತಗಲಿ ದಿಕ್ಕು ಬದಲಿಸಿದ ಒಂದು ಚೆಂಡು ಇಡೀ ವಾರದ ಅಭ್ಯಾಸವನ್ನು ನುಂಗಿ ಹಾಕುತ್ತದೆ.

ನಾನೇ ಒಂದು ದಿನ ಪೇಪರ್ ಮೇಲೆ ಲೆಕ್ಕ ಹಾಕಿದೆ. ಒಂದು ತಂಡ ಇನ್ನೊಂದಕ್ಕಿಂತ ದುಪ್ಪಟ್ಟು ಚೆನ್ನಾಗಿ ಆಡಿತು ಅಂದುಕೊಳ್ಳಿ. ಇವರ ಎಕ್ಸ್‌ಜಿ 1.6, ಅವರದು 0.8. ಇಂಥ ಮ್ಯಾಚ್ ನೂರು ಸಲ ಆಡಿಸಿದರೆ ಚೆನ್ನಾಗಿ ಆಡಿದ ತಂಡ ಗೆಲ್ಲುವುದು ಸುಮಾರು 56 ಸಲ. ಡ್ರಾ 25. ಉಳಿದ 19 ಸಲ ಸೋಲು! ದುಪ್ಪಟ್ಟು ಚೆನ್ನಾಗಿ ಆಡಿಯೂ ಐದರಲ್ಲಿ ಹತ್ತಿರ ಹತ್ತಿರ ಒಂದು ಮ್ಯಾಚ್ ಸೋಲುತ್ತಾರೆ. ಇದನ್ನು ನೋಡಿದ ದಿನ ನಾನು ಎಷ್ಟು ಕೋಚ್‌ಗಳನ್ನು ಟಿವಿ ಮುಂದೆ ಕೂತು ಬೈದಿದ್ದೆ ಅಂತ ನೆನಪಾಗಿ ನಿಜವಾಗಲೂ ಬೇಜಾರಾಯಿತು.

ನನ್ನ ಅಜ್ಜಿ ಜತೆ ಚೌಕಾಬಾರ ಆಡುತ್ತಿದ್ದ ದಿನಗಳು ಈ ವಿಷಯ ಅರ್ಥ ಮಾಡಿಕೊಳ್ಳಲು ನನಗೆ ನೆರವಾದವು. ಕವಡೆ ಹೇಗೆ ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಾಲ್ಕು ಬಿತ್ತೋ ಎಂಟು ಬಿತ್ತೋ, ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು, ಯಾವುದನ್ನು ಮನೆಯಲ್ಲಿ ಉಳಿಸಬೇಕು, ಯಾರನ್ನು ಹೊಡೆಯಬೇಕು ಅನ್ನುವುದು ನಮ್ಮದು. ಅಜ್ಜಿ ಒಂದೊಂದು ಆಟ ನನಗೆ ಸೋಲುತ್ತಿದ್ದರು. ಬೇಸಿಗೆ ರಜೆ ಪೂರ್ತಿ ಲೆಕ್ಕ ಹಾಕಿದರೆ ಗೆದ್ದವರು ಯಾವಾಗಲೂ ಅವರೇ. ಫುಟ್‌ಬಾಲ್ ಹಾವು ಏಣಿ ಆಟ ಅಲ್ಲ, ಅಳಗುಳಿಮಣೆಯೂ ಅಲ್ಲ. ಚೌಕಾಬಾರ. ಚಾನ್ಸ್ ಮಾಡುವುದು ಕೌಶಲ. ಮಾಡಿದ ಚಾನ್ಸ್‌ಗಳಲ್ಲಿ ಇವತ್ತು ಯಾವುದು ಒಳಗೆ ಹೋಗುತ್ತದೆ ಅನ್ನುವುದರಲ್ಲಿ ಕವಡೆಯ ಪಾಲು ದೊಡ್ಡದು. ಅಂಡರ್‌ಸ್ಟಾಟ್ ಮಾಡುವ ಕೆಲಸ ಏನಂದರೆ ಕವಡೆಯನ್ನೂ ಕಾಯಿಯನ್ನೂ ಬೇರೆ ಬೇರೆ ಮಾಡಿ ತೋರಿಸುವುದು.

ಈ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ವಾಯುಪಡೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದ ಚಾರ್ಲ್ಸ್ ರೀಪ್ ಅನ್ನುವವರು 1950ರಲ್ಲಿ ಸ್ವಿಂಡನ್ ಟೌನ್ ಕ್ಲಬ್‌ನ ಒಂದು ಮ್ಯಾಚ್‌ನಲ್ಲಿ ಪೆನ್ಸಿಲ್ ಹಿಡಿದು ಪ್ರತಿ ದಾಳಿಯನ್ನೂ ಬರೆದುಕೊಳ್ಳಲು ಶುರು ಮಾಡಿದರು. ವರ್ಷಗಟ್ಟಲೆ ಬರೆದರು. 1968ರಲ್ಲಿ ಸಂಖ್ಯಾಶಾಸ್ತ್ರಜ್ಞ ಬರ್ನಾರ್ಡ್ ಬೆಂಜಮಿನ್ ಜತೆ ಸೇರಿ ಫುಟ್‌ಬಾಲ್‌ನ ಕೌಶಲ ಮತ್ತು ಅದೃಷ್ಟದ ಬಗ್ಗೆಯೇ ಒಂದು ಪ್ರಬಂಧ ಪ್ರಕಟಿಸಿದರು. ಸುಮಾರು ಹತ್ತು ಶಾಟ್‌ಗೆ ಒಂದು ಗೋಲ್ ಅನ್ನುವುದು ಅವರ ಲೆಕ್ಕ. ಹೆಚ್ಚಿನ ಗೋಲ್‌ಗಳು ಮೂರು ಪಾಸ್‌ನ ಒಳಗೇ ಬರುತ್ತವೆ, ಹಾಗಾಗಿ ಚೆಂಡನ್ನು ಬೇಗ ಮುಂದಕ್ಕೆ ಎತ್ತಿ ಹೊಡೆಯಿರಿ ಅಂತಲೂ ಅವರು ಹೇಳಿದರು. ಅಲ್ಲಿ ಎಡವಿದರು. ಆಟದಲ್ಲಿ ಹೆಚ್ಚಿನ ದಾಳಿಗಳೇ ಮೂರು ಪಾಸ್‌ನೊಳಗೆ ಮುಗಿದು ಹೋಗುತ್ತವೆ, ಗೋಲೂ ಅಲ್ಲೇ ಜಾಸ್ತಿ ಕಾಣುವುದು ಸಹಜ. ಮಳೆಗಾಲದಲ್ಲಿ ಜಾಸ್ತಿ ಮದುವೆ ಆಗುವುದಿಲ್ಲ ಅಂದಮಾತ್ರಕ್ಕೆ ಮಳೆ ಮದುವೆಗೆ ಶತ್ರು ಅಂತ ಹೇಳಲು ಬರುವುದಿಲ್ಲ, ಹಾಗೆ. ಆದರೆ ಮೈದಾನದ ಪಕ್ಕ ಕೂತು ಒಬ್ಬರೇ ಇಷ್ಟು ಬರೆದರಲ್ಲ, ಆ ತಾಳ್ಮೆಗೆ ನನ್ನ ನಮಸ್ಕಾರ.

ಅಂಡರ್‌ಸ್ಟಾಟ್‌ನಲ್ಲಿ ನಾನು ಅತಿ ಹೆಚ್ಚು ಸಲ ನೋಡಿದ ಪುಟ ಯಾವುದು ಗೊತ್ತಾ? ಜರ್ಮನಿಯ ಕ್ಲಬ್ ಬೊರುಸಿಯಾ ಡಾರ್ಟ್ಮುಂಡ್‌ನ 2014-15ರ ಪುಟ. ಕೋಚ್ ಯರ್ಗನ್ ಕ್ಲಾಪ್ ಅಲ್ಲಿ ಕಳೆದ ಕೊನೆಯ ಸೀಸನ್. ಚಳಿಗಾಲದ ಬಿಡುವಿಗೆ ಹೋಗುವಾಗ 17 ಮ್ಯಾಚ್‌ನಿಂದ ಬರೀ 15 ಪಾಯಿಂಟ್. 18 ತಂಡದಲ್ಲಿ 17ನೇ ಜಾಗ. ಫೆಬ್ರವರಿಯಲ್ಲಿ ಆಗ್ಸ್‌ಬರ್ಗ್ ಕೈಯಲ್ಲಿ ಮನೆ ಮೈದಾನದಲ್ಲೇ 1-0 ಸೋತು ಕಟ್ಟಕಡೆಯ ಜಾಗದಲ್ಲೇ ಉಳಿದರು. ಎರಡು ವರ್ಷದ ಹಿಂದೆ ಯುರೋಪ್‌ನ ಅತಿ ದೊಡ್ಡ ಕ್ಲಬ್ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಫೈನಲ್ ಆಡಿದ ತಂಡ ಇದು! ಕ್ಲಾಪ್ ಕಥೆ ಮುಗಿಯಿತು ಅಂತ ಎಲ್ಲರೂ ಬರೆದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ಸೀಸನ್‌ನ ಶಾಟ್‌ಗಳನ್ನು ತೆಗೆದು ನೋಡಿ. ಸೆಪ್ಟೆಂಬರ್ 20ರ ಮೈನ್ಜ್ ಮ್ಯಾಚ್ ತೆಗೆಯಿರಿ. ಡಾರ್ಟ್ಮುಂಡ್ 2-0 ಸೋತಿತು. ಅವರ ಇಮ್ಮೊಬಿಲೆ ಪೆನಾಲ್ಟಿಯಲ್ಲಿ ಗೋಲ್ ಹೊಡೆಯಲಾಗದೆ ಹೋದ. ಮೈನ್ಜ್‌ನ ಎರಡು ಗೋಲಲ್ಲಿ ಒಂದನ್ನು ಡಾರ್ಟ್ಮುಂಡ್‌ನ ಗಿಂಟರ್ ತನ್ನದೇ ಬಲೆಗೆ ಹಾಕಿದ. ಇನ್ನೊಂದು ಒಕಜಾಕಿ. ಈ ಒಕಜಾಕಿ ಮುಂದಿನ ವರ್ಷ ಎಲ್ಲಿಗೆ ಹೋದ ಅಂತ ಸ್ವಲ್ಪ ಹೊತ್ತಲ್ಲಿ ಹೇಳುತ್ತೇನೆ.

ಆ ಸೀಸನ್‌ನ ಎರಡನೇ ಅರ್ಧದಲ್ಲಿ ಅದೇ ತಂಡ, ಅದೇ ಕೋಚ್, 31 ಪಾಯಿಂಟ್ ತೆಗೆದು 46ಕ್ಕೆ ಮುಟ್ಟಿ 7ನೇ ಜಾಗದಲ್ಲಿ ನಿಂತರು. ಜರ್ಮನ್ ಕಪ್ ಫೈನಲ್‌ಗೂ ಹೋದರು. ಲಿವರ್‌ಪೂಲ್ ಕ್ಲಬ್‌ನಲ್ಲಿ ಸಂಶೋಧನೆ ನೋಡಿಕೊಳ್ಳುತ್ತಿದ್ದ ಇಯಾನ್ ಗ್ರಹಾಂ, ಇವರು ಭೌತಶಾಸ್ತ್ರ ಓದಿದವರು, ಡಾರ್ಟ್ಮುಂಡ್‌ನ ಈ ಮ್ಯಾಚ್‌ಗಳ ಲೆಕ್ಕ ಹಾಕಿ ಈ ತಂಡ ಕೆಟ್ಟದಾಗಿ ಆಡಿಲ್ಲ, ನಸೀಬು ಕೈಕೊಟ್ಟಿದೆ ಅಂತ ಹೇಳಿದ್ದರು. 2015ರ ಅಕ್ಟೋಬರ್‌ನಲ್ಲಿ ಕ್ಲಾಪ್ ಲಿವರ್‌ಪೂಲ್‌ಗೆ ಬಂದರು. ಗ್ರಹಾಂ ಅವರ ಹತ್ತಿರ ಹೋಗಿ ಆ ಮೈನ್ಜ್ ಮ್ಯಾಚ್ ಬಗ್ಗೆ ಮಾತಾಡಿದಾಗ, ನೀವು ಆ ಮ್ಯಾಚ್ ನೋಡಿದ್ದೀರಾ ಅಂತ ಕ್ಲಾಪ್‌ಗೆ ಆಶ್ಚರ್ಯ. ಗ್ರಹಾಂ ನೋಡಿರಲೇ ಇಲ್ಲ. ಸಂಖ್ಯೆಗಳನ್ನು ಮಾತ್ರ ನೋಡಿದ್ದರು. ಆಮೇಲೆ ಲಿವರ್‌ಪೂಲ್‌ಗೆ ಏನಾಯಿತು ಅನ್ನುವುದು ಎಲ್ಲರಿಗೂ ಗೊತ್ತು, 2019ರಲ್ಲಿ ಚಾಂಪಿಯನ್ಸ್ ಲೀಗ್, 2019-20ರಲ್ಲಿ 99 ಪಾಯಿಂಟ್ ಜತೆ ಲೀಗ್.

ಇಟಲಿಯ 2015-16 ಕೂಡ ನೋಡಿ. ಯುವೆಂಟಸ್ ಮೊದಲ 10 ಮ್ಯಾಚ್‌ನಲ್ಲಿ 12 ಪಾಯಿಂಟ್. ಉಳಿದ 28ರಲ್ಲಿ 26 ಗೆಲುವು. 91 ಪಾಯಿಂಟ್, ಪ್ರಶಸ್ತಿ. ಹತ್ತು ಮ್ಯಾಚ್ ನೋಡಿ ಕೋಚ್ ಅಲೆಗ್ರಿಯನ್ನು ಕಳಿಸಿದ್ದರೆ?

ಇಲ್ಲಿ ಒಂದು ವಿಷಯ ನನ್ನ ಮನಸ್ಸಲ್ಲಿ ಕೊರೆಯುತ್ತಲೇ ಇರುತ್ತದೆ. ನಮ್ಮ ಊರಿನ ಒಂದು ಅಕಾಡೆಮಿಯಲ್ಲಿ, ಹೆಸರು ಬೇಡ, ನನ್ನ ಗೆಳೆಯನೊಬ್ಬ ಕೋಚ್ ಆಗಿದ್ದ. ಸತತ ಮೂರು ಮ್ಯಾಚ್, ಮೂರೂ ಒಂದೊಂದು ಗೋಲಿನಿಂದ ಸೋತರು. ಪೋಷಕರು ಗಲಾಟೆ ಮಾಡಿದರು, ಅವನನ್ನು ತೆಗೆದರು. ಆ ಮೂರೂ ಮ್ಯಾಚ್ ನಾನು ನೋಡಿದ್ದೆ. ಎರಡರಲ್ಲಿ ಇವನ ಹುಡುಗರೇ ಚೆನ್ನಾಗಿ ಆಡಿದ್ದರು. ಹನ್ನೊಂದು ವರ್ಷದ ಮಕ್ಕಳಿಗೆ ಗೋಲ್‌ಕೀಪರ್‌ನಿಂದಲೇ ಪಾಸ್ ಮಾಡಿ ಆಟ ಕಟ್ಟುವುದು ಕಲಿಸಿದ್ದ ಅವನು. ಹೊಸಬರು ಬಂದು ಚೆಂಡು ಎತ್ತಿ ಹೊಡೆಸಿದರು. ಒಂದೆರಡು ಮ್ಯಾಚ್ ಗೆದ್ದರು, ಅದೇ ಸರಿ ಅಂತಾಯಿತು. ಯಾರ ಹತ್ತಿರವೂ ಒಂದು ನೋಟ್‌ಬುಕ್ ಇರಲಿಲ್ಲ.

ಈಗ ಲೆಸ್ಟರ್. ಫುಟ್‌ಬಾಲ್‌ನಲ್ಲಿ ಅದೃಷ್ಟ ಅಂದ ಕೂಡಲೇ ಎಲ್ಲರೂ ಕೇಳುವುದು 2015-16ರ ಲೆಸ್ಟರ್ ಸಿಟಿ ಬಗ್ಗೆ. ಬೆಟ್ಟಿಂಗ್ ಕಂಪನಿಗಳು 5000ಕ್ಕೆ 1 ಅಂತ ಇಟ್ಟಿದ್ದ ತಂಡ 81 ಪಾಯಿಂಟ್ ತೆಗೆದು, ಎರಡನೇ ಜಾಗದ ಆರ್ಸೆನಲ್‌ಗಿಂತ 10 ಪಾಯಿಂಟ್ ಮುಂದೆ ನಿಂತು ಲೀಗ್ ಗೆದ್ದಿತು. ಒಕಜಾಕಿ ಹೋದದ್ದು ಇಲ್ಲಿಗೇ. ಅಂಡರ್‌ಸ್ಟಾಟ್ ಲೆಕ್ಕದಲ್ಲಿ ಅವರಿಗೆ ಬರಬೇಕಿದ್ದ ಪಾಯಿಂಟ್ 81ಕ್ಕಿಂತ ಕಡಿಮೆ. ಹಾಗಾದರೆ ಬರೀ ಅದೃಷ್ಟವಾ? ಅಲ್ಲವೇ ಅಲ್ಲ. ಫ್ಲೀಟ್‌ವುಡ್ ಟೌನ್ ಅನ್ನುವ ಸಣ್ಣ ಕ್ಲಬ್‌ನಿಂದ ವಾರ್ಡಿಯನ್ನು ತಂದವರು ಯಾರು? ಫ್ರಾನ್ಸ್‌ನ ಎರಡನೇ ದರ್ಜೆ ಲೀಗ್‌ನಿಂದ ಮಹ್ರೇಜ್‌ನನ್ನು ಹುಡುಕಿದವರು ಯಾರು? ಕಾಂಟೆ ಅನ್ನುವ ಪುಟ್ಟ ಮನುಷ್ಯ ಮೈದಾನದ ತುಂಬ ಓಡಿ ಚೆಂಡು ಕಸಿಯುತ್ತಾನೆ ಅಂತ ಮೊದಲೇ ಕಂಡವರು ಯಾರು? ಮುಂದಿನ ವರ್ಷ ಕಾಂಟೆ ಚೆಲ್ಸಿಗೆ ಹೋದ, ಚೆಲ್ಸಿ ಲೀಗ್ ಗೆದ್ದಿತು, ಲೆಸ್ಟರ್ 12ನೇ ಜಾಗಕ್ಕೆ ಬಂತು, ಪ್ರಶಸ್ತಿ ಗೆಲ್ಲಿಸಿಕೊಟ್ಟ ಕೋಚ್ ರಾನಿಯೇರಿಯನ್ನು ಒಂಬತ್ತು ತಿಂಗಳಲ್ಲಿ ಮನೆಗೆ ಕಳಿಸಿದರು. ಗಾಳಿ ಬಂದಾಗ ತೂರಿಕೋ ಅಂತಾರೆ. ಗಾಳಿ ಬಂದದ್ದು ಅದೃಷ್ಟ. ದೊಡ್ಡ ತಂಡಗಳೆಲ್ಲ ಒಟ್ಟಿಗೆ ಎಡವಿದ ವರ್ಷ ಅದು. ಆದರೆ ಕಣದಲ್ಲಿ ಕಾಳು ಇದ್ದದ್ದು ಲೆಸ್ಟರ್ ಹತ್ತಿರ ಮಾತ್ರ.

ಬ್ರೈಟನ್ ಏನಾಯಿತು ಅಂತ ಕೇಳಬಹುದು. ಆ 2020-21ರ ಸೀಸನ್‌ನಲ್ಲಿ 38 ಮ್ಯಾಚ್‌ಗೆ 40 ಗೋಲ್, 41 ಪಾಯಿಂಟ್, 16ನೇ ಜಾಗ. ಅಂಡರ್‌ಸ್ಟಾಟ್ ಟೇಬಲ್‌ನಲ್ಲಿ ಅವರು ಇರಬೇಕಿದ್ದದ್ದು ಯುರೋಪ್ ಟೂರ್ನಿಯ ಜಾಗಕ್ಕೆ ಪೈಪೋಟಿ ಮಾಡುವ ತಂಡಗಳ ಜತೆ. ಇಡೀ ಸೀಸನ್ ಆದ ಮೇಲೂ ಅಷ್ಟು ಅಂತರ ಉಳಿದಿತ್ತು, ಅಂದರೆ 38 ಮ್ಯಾಚ್ ಕೂಡ ಅದೃಷ್ಟವನ್ನು ಪೂರ್ತಿ ಅಳಿಸುವುದಿಲ್ಲ. ಕ್ಲಬ್‌ನವರು ಕೋಚ್ ಗ್ರಹಾಂ ಪಾಟರ್‌ನನ್ನು ತೆಗೆಯಲಿಲ್ಲ. ಮುಂದಿನ ವರ್ಷ 51 ಪಾಯಿಂಟ್, 9ನೇ ಜಾಗ. ಅದರ ಮುಂದಿನ ವರ್ಷ, ಪಾಟರ್ ಚೆಲ್ಸಿಗೆ ಹೋಗಿ ಡೆ ಜೆರ್ಬಿ ಬಂದ ಮೇಲೆ, 62 ಪಾಯಿಂಟ್, 6ನೇ ಜಾಗ, ಕ್ಲಬ್‌ನ ಇತಿಹಾಸದಲ್ಲೇ ಮೊದಲ ಸಲ ಯುರೋಪ್ ಟೂರ್ನಿ. ತಾಳ್ಮೆಗೆ ಫಲ ಸಿಕ್ಕಿದ್ದನ್ನು ವಾರ ವಾರ ನೋಡಿದ ಖುಷಿ ನನ್ನದು.

ಇಷ್ಟು ಹೊಗಳಿದ ಮೇಲೆ ಸೈಟ್‌ನಲ್ಲಿ ಏನಿಲ್ಲ ಅಂತಲೂ ಹೇಳಬೇಕು.

ಎಕ್ಸ್‌ಜಿ ಲೆಕ್ಕ ಶಾಟ್ ಆದರೆ ಮಾತ್ರ. ಗೋಲ್ ಬಾಯಲ್ಲಿ ಚೆಂಡು ಹಾದು ಹೋಗಿ, ಸ್ಟ್ರೈಕರ್ ಕಾಲು ಒಂದು ಬೆರಳಿನಷ್ಟು ಹಿಂದೆ ಬಿದ್ದರೆ ಅದು ಇಲ್ಲಿ ಸೊನ್ನೆ. ಮೈದಾನದಲ್ಲಿ ಕೂತವರಿಗೆ ಅದೇ ದಿನದ ದೊಡ್ಡ ಚಾನ್ಸ್ ಆಗಿರುತ್ತದೆ. ಇನ್ನು, ಹೊಡೆಯುವವನು ಯಾರು ಅಂತ ಈ ಲೆಕ್ಕಕ್ಕೆ ಗೊತ್ತಿಲ್ಲ. ಮೆಸ್ಸಿ ಹೊಡೆದರೂ ಡಿಫೆಂಡರ್ ಹೊಡೆದರೂ ಅದೇ ಜಾಗಕ್ಕೆ ಅದೇ ಬೆಲೆ. ಆದರೆ ಮೆಸ್ಸಿ ಸ್ಪೇನ್‌ನಲ್ಲಿ ಹೆಚ್ಚಿನ ವರ್ಷಗಳಲ್ಲಿ ತನ್ನ ಎಕ್ಸ್‌ಜಿಗಿಂತ ಜಾಸ್ತಿ ಗೋಲ್ ಹೊಡೆದ. ದಕ್ಷಿಣ ಕೊರಿಯಾದ ಸೊನ್ 2021-22ರಲ್ಲಿ ಒಂದೂ ಪೆನಾಲ್ಟಿ ಇಲ್ಲದೆ 23 ಗೋಲ್ ಹೊಡೆದ, ಎಕ್ಸ್‌ಜಿ ಅದಕ್ಕಿಂತ ಎಷ್ಟೋ ಕೆಳಗೆ. ಎರಡೂ ಕಾಲಿಂದ ಅಷ್ಟು ಚೆನ್ನಾಗಿ ಹೊಡೆಯುವವನಿಗೆ ಅದೃಷ್ಟ ಅಂದರೆ ಅನ್ಯಾಯ. ಒಂದು ಸೀಸನ್ ಹೀಗಾದರೆ ಕವಡೆ, ಐದು ಸೀಸನ್ ಹೀಗೇ ಆದರೆ ಕಾಲು. ಹೀಗೆ ನೋಡಿದರೆ ಸರಿಯಾಗಿ ಅರ್ಥವಾಗುತ್ತದೆ.

ಮತ್ತೊಂದು. ಎರಡು ಗೋಲ್ ಮುಂದಿರುವ ತಂಡ ಹಿಂದೆ ಕೂತು ಕಾಯುತ್ತದೆ, ಸೋಲುತ್ತಿರುವವರು ದೂರದಿಂದ ಹೊಡೆದು ಹೊಡೆದು ಎಕ್ಸ್‌ಜಿ ಏರಿಸಿಕೊಳ್ಳುತ್ತಾರೆ. ಕೊನೆಗೆ ಸಂಖ್ಯೆ ನೋಡಿ ಸೋತವರೇ ಚೆನ್ನಾಗಿ ಆಡಿದರು ಅನ್ನುವುದು ತಪ್ಪು. ಅದಕ್ಕೇ ಮೊತ್ತ ಮಾತ್ರ ನೋಡಬೇಡಿ, ಮ್ಯಾಚ್ ಪುಟದ ಗ್ರಾಫ್‌ನಲ್ಲಿ ಯಾವ ನಿಮಿಷಕ್ಕೆ ಏರಿತು ಅಂತ ನೋಡಿ.

ವಿಶ್ವಕಪ್ ಇಲ್ಲ, ಚಾಂಪಿಯನ್ಸ್ ಲೀಗ್ ಇಲ್ಲ. 2022ರಲ್ಲಿ ಸೌದಿ ಅರೇಬಿಯಾ ಬರೀ ಮೂರು ಶಾಟ್ ಹೊಡೆದು ಎರಡು ಗೋಲ್ ಮಾಡಿ, 36 ಮ್ಯಾಚ್ ಸೋಲದೆ ಬಂದಿದ್ದ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿತಲ್ಲ, ಅಂಥ ಮ್ಯಾಚ್‌ನ ಚುಕ್ಕೆ ನಕ್ಷೆ ಇಲ್ಲಿ ನೋಡುವ ಆಸೆ ನನಗಿತ್ತು. ಸೋತ ಅದೇ ಅರ್ಜೆಂಟೀನಾ ನಾಲ್ಕು ವಾರದಲ್ಲಿ ಕಪ್ ಎತ್ತಿತು.

ಎಲ್ಲಕ್ಕಿಂತ ನನಗೆ ಕೊರತೆ ಅನ್ನಿಸುವುದು ನಮ್ಮ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ಇಲ್ಲದ್ದು. 2018ರ ಫೈನಲ್ ನೆನಪಿದೆಯಾ? ಬೆಂಗಳೂರು ಎಫ್‌ಸಿ ಮೊದಲ ವರ್ಷವೇ 18 ಮ್ಯಾಚ್‌ಗೆ 40 ಪಾಯಿಂಟ್, ಎರಡನೇ ಜಾಗದ ಚೆನ್ನೈಯಿನ್‌ಗಿಂತ 8 ಮುಂದೆ. ಫೈನಲ್ ನಮ್ಮದೇ ಕಂಠೀರವದಲ್ಲಿ. ಒಂಬತ್ತನೇ ನಿಮಿಷಕ್ಕೇ ಛೆಟ್ರಿ ಗೋಲ್. ಆಮೇಲೆ ಎದುರಾಳಿ ಚೆನ್ನೈಯಿನ್‌ನ ಮೈಲ್ಸನ್ ಅನ್ನುವ ಡಿಫೆಂಡರ್ ಎರಡು ಕಾರ್ನರ್‌ನಿಂದ ಎರಡು ಸಲ ತಲೆಯಿಂದ ಗೋಲ್ ಹೊಡೆದ. 3-2, ಸೋತೆವು. ಮುಂದಿನ ವರ್ಷ ಮುಂಬೈಯಲ್ಲಿ ಗೋವಾ ವಿರುದ್ಧ ನಾವೂ ಕಾರ್ನರ್‌ನಿಂದಲೇ ಗೆದ್ದೆವು, 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆ. 2023ರ ಫೈನಲ್ 2-2 ಆಗಿ ಪೆನಾಲ್ಟಿಯಲ್ಲಿ 4-3 ಸೋಲು. 2025ರಲ್ಲಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಮೋಹನ್ ಬಗಾನ್‌ಗೆ 2-1 ಸೋಲು. ಇಷ್ಟು ಫೈನಲ್‌ಗೆ ಹೋಗುವುದು ಕೌಶಲ. ಫೈನಲ್ ಒಂದೇ ಮ್ಯಾಚ್, ಅಲ್ಲಿ ಕವಡೆ ಹೇಗೆ ಬಿದ್ದರೂ ಬೀಳಬಹುದು. ಈ ತಂಡವನ್ನು ಫೈನಲ್ ಸೋಲುವವರು ಅಂತ ಯಾರಾದರೂ ಅಂದರೆ ನನಗೆ ನಿಜವಾಗಲೂ ನೋವಾಗುತ್ತದೆ.

ಈಗ ನಮ್ಮ ಹುಡುಗರ ಕಥೆ. ಅಂಡರ್‌ಸ್ಟಾಟ್ ನೋಡಿ ನಾನೂ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಅರ್ಧ ಮೈದಾನದ ಚಿತ್ರ, ಪ್ರತಿ ಶಾಟ್‌ಗೆ ಒಂದು ಚುಕ್ಕೆ. ನನ್ನ ಬೆಲೆ ಒರಟು: ಪೆನಾಲ್ಟಿಗೆ ಮುಕ್ಕಾಲು, ಗೋಲ್ ಎದುರಿಗೇ ಇದ್ದರೆ ಕಾಲು ಭಾಗದಿಂದ ಅರ್ಧ, ಬಾಕ್ಸ್ ಒಳಗೆ ಪಕ್ಕದಿಂದ ಹತ್ತರಲ್ಲಿ ಒಂದು, ಹೊರಗಿಂದ ಅದಕ್ಕೂ ಕಡಿಮೆ. ಹೋದ ತಿಂಗಳ ಮ್ಯಾಚ್‌ನಲ್ಲಿ ನಮ್ಮದು 14 ಶಾಟ್, ಅವರದು 3. ನಮ್ಮ ಮೊತ್ತ ಎರಡರ ಹತ್ತಿರ, ಅವರದು ಅರ್ಧ. 1-0 ಸೋತೆವು. ನಮ್ಮ ಒಂಬತ್ತನೇ ನಂಬರ್ ಹುಡುಗ ಒಬ್ಬನೇ ಮೂರು ಒಳ್ಳೆ ಚಾನ್ಸ್ ಬಿಟ್ಟಿದ್ದ. ಬೂಟು ಬಿಚ್ಚದೆ ಗೋಡೆ ಪಕ್ಕ ಕೂತು ಅಳುತ್ತಿದ್ದ.

"ಸರ್, ನನ್ನಿಂದಾನೇ ಸೋತ್ವಿ," ಅಂದ.

"ಇಲ್ಲಿ ನೋಡೋ ಮರಿ," ಅಂತ ನೋಟ್‌ಬುಕ್ ತೆಗೆದೆ. "ಈ ಮೂರೂ ಚುಕ್ಕೆ ಎಲ್ಲಿದೆ ಹೇಳು."

"ಗೋಲ್ ಮುಂದೇನೇ ಸರ್."

"ಅಲ್ಲಿಗೆ ಮೂರು ಸಲ ಹೋದೋನು ಯಾರು? ಬೇರೆ ಯಾರಾದ್ರೂ ಒಂದು ಸಲ ಹೋದ್ರಾ?"

ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಎರಡರ ಮೊತ್ತ ಇದ್ದೂ ಒಂದೂ ಗೋಲ್ ಬಾರದಿರುವುದು ಹೆಚ್ಚು ಕಡಿಮೆ ಏಳು ಮ್ಯಾಚ್‌ಗೆ ಒಂದು ಸಲ ಆಗುತ್ತದೆ, ಅದು ಇವತ್ತು ಆಯಿತು ಅಂತ ಅವನಿಗೆ ಹೇಳಿದೆ. ಸುಮ್ನೆ ಸಮಾಧಾನ ಮಾಡಲು ಹೇಳಿದ್ದಲ್ಲ, ನಿಜ ಅಂತ ಹೇಳಿದ್ದು. ಮಕ್ಕಳಿಗೆ ಆ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. ಮೂರರಲ್ಲಿ ಒಂದರಲ್ಲಿ ಅವನ ತಪ್ಪೂ ಇತ್ತು, ಹೊಡೆಯುವ ಮೊದಲು ತಲೆ ಎತ್ತಿ ಕೀಪರ್‌ನನ್ನು ನೋಡಲಿಲ್ಲ. ಅದನ್ನೂ ಹೇಳಿದೆ. ಮುಂದಿನ ವಾರ ಅದನ್ನೇ ಅಭ್ಯಾಸ ಮಾಡಿದೆವು.

ಅದರ ಮುಂದಿನ ಭಾನುವಾರ 2-0 ಗೆದ್ದೆವು. ಎರಡೂ ಗೋಲ್ ಹೊರಗಿಂದ ಹೊಡೆದದ್ದು, ಒಂದು ಅವರ ಕೀಪರ್ ಕೈಜಾರಿದ್ದು. ನೋಟ್‌ಬುಕ್ ಪ್ರಕಾರ ಅವರೇ ನಮಗಿಂತ ಚೆನ್ನಾಗಿ ಆಡಿದ್ದರು. ಅದನ್ನೂ ಹುಡುಗರಿಗೆ ತೋರಿಸಿದೆ. ಕೆಲವು ಪೋಷಕರಿಗೆ ಇಷ್ಟವಾಗಲಿಲ್ಲ, ಗೆದ್ದ ದಿನ ಯಾಕೆ ಸರ್ ಇದೆಲ್ಲ ಅಂದರು. ಸೋತ ದಿನ ಮಾತ್ರ ಅದೃಷ್ಟದ ಮಾತಾಡಿದರೆ ಅದು ನೆಪ ಆಗುತ್ತದೆ. ಗೆದ್ದ ದಿನವೂ ಅದೇ ಪುಸ್ತಕ ತೆರೆಯಬೇಕು.

ಬೆಟ್ಟಿಂಗ್‌ಗೆ ಇದನ್ನು ಬಳಸಬಹುದಾ ಅಂತ ಒಂದಿಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ. ಈ ಸೈಟ್ ಆಗಿಹೋದದ್ದನ್ನು ತೋರಿಸುತ್ತದೆ. ನಾಳೆಯ ಮ್ಯಾಚ್‌ಗೆ ದುಪ್ಪಟ್ಟು ಒಳ್ಳೆ ತಂಡವೂ ನೂರಕ್ಕೆ 19 ಸಲ ಸೋಲುತ್ತದೆ ಅಂತ ಆಗಲೇ ಹೇಳಿದೆನಲ್ಲ. ಎಕ್ಸ್‌ಜಿ ಹೆಸರು ಹೇಳಿಕೊಂಡು ಪಕ್ಕಾ ಟಿಪ್ಸ್ ಮಾರುವವರ ಕೈಯಲ್ಲಿ ಸಿಕ್ಕಿ ದುಡ್ಡು ಕಳಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಐಎಸ್‌ಎಲ್‌ಗಾಗಿ. ಹೊಸದಾಗಿ ನೋಡುವವರು ಈ ವಾರದ ಮ್ಯಾಚ್‌ನಿಂದ ಶುರು ಮಾಡಬೇಡಿ, ಒಂದು ಮ್ಯಾಚ್‌ನಲ್ಲಿ ತಲೆ ಕೆಡುತ್ತದೆ. ಜರ್ಮನಿಯ ಲೀಗ್ ಬುಂಡೆಸ್‌ಲೀಗಾ ಒತ್ತಿ, 2014-15 ಆರಿಸಿ, ತಾರೀಖಿನ ಜಾಗದಲ್ಲಿ ಡಿಸೆಂಬರ್ ಕೊನೆಯವರೆಗೆ ಅಂತ ಹಾಕಿ. ಕೆಳಗೆ ಇಳಿಯಿರಿ, ಡಾರ್ಟ್ಮುಂಡ್ ಹೆಸರು ಸಿಗುವವರೆಗೆ. ಪಾಯಿಂಟ್ ನೋಡಿ, ಆಮೇಲೆ ಪಕ್ಕದ ಸಣ್ಣ ಅಕ್ಷರ ನೋಡಿ. ಈಗ ತಾರೀಖು ಬದಲಿಸಿ, ಜನವರಿಯಿಂದ ಮೇವರೆಗೆ ಹಾಕಿ ನೋಡಿ.